ಸೌಂಡ್‌ಬಾಕ್ಸ್ ಹೇಳದೇ ಉಳಿಸಿದ ಲೆಕ್ಕ

(ಸಣ್ಣ ಅಂಗಡಿಗಳವರು ಮತ್ತು ಪಾವತಿ ಆ್ಯಪ್‌ಗಳಲ್ಲಿ ಕೆಲಸ ಮಾಡುವ ಎಂಜಿನಿಯರುಗಳು ಒಟ್ಟಿಗೆ ಕೂತಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲು ಎರಡು ಅಂಕಿ ಬರೆದುಕೊಳ್ಳಿ: 1.63 ಕೋಟಿ ಮತ್ತು 29 ಲಕ್ಷ.

2025ರ ಜುಲೈನಲ್ಲಿ ಸುದ್ದಿಯಾದ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಯ ಜಿಎಸ್‌ಟಿ ನೋಟಿಸ್‌ನ ಅಂಕಿಗಳಿವು. ನಾಲ್ಕು ವರ್ಷದಲ್ಲಿ ಡಿಜಿಟಲ್ ಪಾವತಿಯಾಗಿ ಬಂದ ಹಣ 1.63 ಕೋಟಿ ರೂಪಾಯಿ, ಅದರ ಮೇಲೆ ಕಟ್ಟಬೇಕಾದ್ದು 29 ಲಕ್ಷ. ಈಗ 29ನ್ನು 163ರಿಂದ ಭಾಗಿಸಿ. ಶೇ 18ರ ಹತ್ತಿರ ಬಂದು ನಿಲ್ಲುತ್ತದೆ. ಖಾತೆಗೆ ಬಿದ್ದ ಪ್ರತಿ ರೂಪಾಯಿಯನ್ನೂ ಶೇ 18 ತೆರಿಗೆಯ ಸರಕಿನ ಮಾರಾಟ ಅಂತ ಹಿಡಿದರೆ ಬರುವ ಮೊತ್ತ ಅದು. ತಾಜಾ ತರಕಾರಿಯ ಮೇಲೆ ಜಿಎಸ್‌ಟಿ ಸೊನ್ನೆ. ಬರೀ ವಿನಾಯಿತಿ ಸರಕು ಮಾರುವವರು ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಿಲ್ಲ ಅಂತ ಜಿಎಸ್‌ಟಿ ಕಾಯ್ದೆಯ 23ನೇ ಕಲಂ ಹೇಳುತ್ತದೆ.

ಇನ್ನೊಂದು ಭಾಗಾಕಾರ ಮಾಡಿ. 1.63 ಕೋಟಿಯನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸರಾಸರಿ 40.75 ಲಕ್ಷ. ಸರಕು ಮಾರುವವರ ನೋಂದಣಿಯ ಮಿತಿ 40 ಲಕ್ಷ. ಮಿತಿಗಿಂತ ಮುಕ್ಕಾಲು ಲಕ್ಷ ಆಚೆ. ಒಂದು ಕಂಪ್ಯೂಟರ್ ಪಟ್ಟಿ ತಯಾರಿಸಿತು, ಮಿತಿ ದಾಟಿದ ಹೆಸರುಗಳನ್ನು ಎತ್ತಿಕೊಟ್ಟಿತು, ಅವರು ಮಾರುವುದು ಬದನೆಕಾಯಿಯೋ ಬಿಸ್ಕತ್ತೋ ಅಂತ ಯಾರೂ ಹೋಗಿ ನೋಡಲಿಲ್ಲ. ನಾನು ಇವತ್ತು ಮಾತಾಡಬೇಕೆಂದಿರುವುದು ಆ ನೋಡದೇ ಹೋದದ್ದರ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ನಾಲ್ಕು ವರ್ಷದಿಂದ ಆ ಅಂಕಿ ಯಾರ ಯಾರ ಪರದೆಯ ಮೇಲೆ ಇತ್ತು, ಯಾರಿಗೆ ಮಾತ್ರ ಗೊತ್ತಾಗಲಿಲ್ಲ ಎನ್ನುವುದರ ಬಗ್ಗೆ.

ಆ ತಿಂಗಳು ಇಂಥ ನೋಟಿಸುಗಳು ಬಂದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಏನಾಯಿತು ಅಂತ ನಿಮಗೆ ಗೊತ್ತು. ಗಾಜಿನ ಮೇಲೆ ಅಂಟಿಸಿದ್ದ ಕ್ಯೂಆರ್ ಸ್ಟಿಕ್ಕರ್ ಕೆರೆದು ತೆಗೆದರು, ‘ಯುಪಿಐ ಇಲ್ಲ, ನಗದು ಮಾತ್ರ’ ಅಂತ ಬರೆದು ಅಂಟಿಸಿದರು. ಜುಲೈ 25ಕ್ಕೆ ಬಂದ್ ಕರೆ ಬಂತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದಕ್ಕೆ ನೋಂದಣಿ ಮಾಡಿಸಿ ಅಂದರು. ಬಂದ್ ಕೈಬಿಟ್ಟರು. ಸುದ್ದಿ ಅಲ್ಲಿಗೆ ತಣ್ಣಗಾಯಿತು. ಲೆಕ್ಕ ಮಾತ್ರ ಇನ್ನೂ ಯಾರಿಗೂ ಸರಿಯಾಗಿ ಬಿಡಿಸಿ ಹೇಳಿಲ್ಲ.

ಬಿಡಿಸೋಣ. ಒಂದು ಬೇಕರಿ ತೆಗೆದುಕೊಳ್ಳಿ. ದಿನಕ್ಕೆ 3,000 ರೂಪಾಯಿಯ ಹಾಲಿನ ಪ್ಯಾಕೆಟ್, 4,000 ರೂಪಾಯಿಯ ಸಿಗರೇಟು, 3,000ದ ಬಿಸ್ಕತ್ತು ಕೇಕು ಪಫ್, 2,000ದ ಟೀ ಕಾಫಿ. ಒಟ್ಟು ದಿನಕ್ಕೆ 12,000, ವರ್ಷಕ್ಕೆ 43.8 ಲಕ್ಷ. ಈ ಮಾಲೀಕರು ಶ್ರೀಮಂತರೇನಲ್ಲ. ಹಾಲಿನಲ್ಲಿ, ಸಿಗರೇಟಿನಲ್ಲಿ ಉಳಿಯುವುದು ರೂಪಾಯಿ ಲೆಕ್ಕ, ಆದರೆ ವಹಿವಾಟಿಗೆ ಸೇರುವುದು ಪ್ಯಾಕೆಟ್ಟಿನ ಪೂರ್ತಿ ಬೆಲೆ. 40 ಲಕ್ಷವನ್ನು 365ರಿಂದ ಭಾಗಿಸಿದರೆ ದಿನಕ್ಕೆ 10,959 ರೂಪಾಯಿ. ಬಸ್ ನಿಲ್ದಾಣದ ಪಕ್ಕದ ಯಾವ ಅಂಗಡಿಯೂ ಇಷ್ಟನ್ನು ಸುಲಭವಾಗಿ ದಾಟುತ್ತದೆ.

ಈ 43.8 ಲಕ್ಷದಲ್ಲಿ ಹಾಲಿನ ಪಾಲು 10.95 ಲಕ್ಷ, ಅದಕ್ಕೆ ತೆರಿಗೆ ಇಲ್ಲ. ಆದರೂ ನೋಂದಣಿ ಬೇಕೋ ಬೇಡವೋ ಅಂತ ನೋಡುವಾಗ ಹಾಲೂ ಸೇರಿಯೇ ಎಣಿಸಬೇಕು, ಯಾಕೆಂದರೆ ‘ಒಟ್ಟು ವಹಿವಾಟು’ ಅಂದರೆ ವಿನಾಯಿತಿ ಸರಕೂ ಸೇರಿದ್ದು. ಬರೀ ಹಾಲು, ಬರೀ ತರಕಾರಿ, ಬರೀ ಹೂವು ಮಾರಿದರೆ ಪೂರ್ತಿ ಹೊರಗೆ. ಹಾಲಿನ ಜೊತೆ ಒಂದು ಡಬ್ಬಿ ಬಿಸ್ಕತ್ತು ಇಟ್ಟರೆ ಎಲ್ಲವೂ ಎಣಿಕೆಯ ಒಳಗೆ. ಹಾಲಿನ ಪ್ಯಾಕೆಟ್ಟಿಗೆ ಸೊನ್ನೆ, ಪಕ್ಕದಲ್ಲೇ ಇರುವ ಮೊಸರಿನ ಪ್ಯಾಕೆಟ್ಟಿಗೆ ಶೇ 5. ಹಾಲಿನ ಬೂತ್ ನಡೆಸುವವರು ಈ ಒಂದು ಸಾಲನ್ನು ಮರೆಯಬೇಡಿ.

ಇನ್ನು ಟೀ. ಬಹಳ ಜನ ಎಡವಿರುವುದು ಇಲ್ಲೇ. 40 ಲಕ್ಷದ ಮಿತಿ ಸರಕು ಮಾತ್ರ ಮಾರುವವರಿಗೆ. ಟೀ ಕಾಯಿಸಿ ಲೋಟದಲ್ಲಿ ಕೊಟ್ಟರೆ ಕಾಯ್ದೆಯ ಕಣ್ಣಿನಲ್ಲಿ ಅದು ಸೇವೆ, ಹೋಟೆಲಿನಲ್ಲಿ ಬಡಿಸಿದ ಹಾಗೆ. ಸೇವೆಯ ಮಿತಿ 20 ಲಕ್ಷ, ಅಂದರೆ ದಿನಕ್ಕೆ 5,479 ರೂಪಾಯಿ. ಮೇಲಿನ ಬೇಕರಿಯವರು ಮಾರಿದ 2,000 ರೂಪಾಯಿಯ ಟೀಯೊಂದೇ ಸಾಕು, ಇಡೀ ಅಂಗಡಿಯ ಮಿತಿ 40ರಿಂದ 20 ಲಕ್ಷಕ್ಕೆ ಇಳಿಯಲು; ಸಿಗರೇಟು ಮಾರುವವರಿಗೂ 40ರ ಮಿತಿ ಸಿಗುವುದಿಲ್ಲ. ಅವರು 40ರ ಲೆಕ್ಕದಲ್ಲಿ ಧೈರ್ಯವಾಗಿ ಕೂತಿದ್ದರೆ, ವರ್ಷದ ಮಧ್ಯೆಯೇ ದಾಟಿ ಎಷ್ಟೋ ತಿಂಗಳಾಗಿರುತ್ತದೆ.

ಈ 40 ಲಕ್ಷದ ಮಿತಿ ಜಾರಿಗೆ ಬಂದದ್ದು 2019ರ ಏಪ್ರಿಲ್‌ನಲ್ಲಿ. ಆಮೇಲೆ ಅಲುಗಿಲ್ಲ. ಬೆಲೆಗಳು ನಿಂತವೇ? ನಂದಿನಿ ಹಾಲು 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿತು. ದಿನಕ್ಕೆ 60 ಲೀಟರ್ ಮಾರುವ ಅಂಗಡಿಯ ವಾರ್ಷಿಕ ವಹಿವಾಟು ಈ ಎರಡು ಏರಿಕೆಯಿಂದಲೇ ಒಂದೂವರೆ ಲಕ್ಷ ಹೆಚ್ಚಾಯಿತು. ಒಂದು ಹನಿ ಹಾಲೂ ಹೆಚ್ಚು ಮಾರಿಲ್ಲ. ಜಿಎಸ್‌ಟಿ ಮಂಡಳಿ ದರಗಳನ್ನು 2025ರ ಸೆಪ್ಟೆಂಬರ್ 22ರಿಂದ ಬದಲಾಯಿಸಿತು, ಬಿಸ್ಕತ್ತು ಕೇಕು ಚಾಕೊಲೇಟು ಶೇ 18ರಿಂದ 5ಕ್ಕೆ ಇಳಿದವು. ಒಳ್ಳೆಯದೇ. ನೋಂದಣಿಯ ಮಿತಿಯನ್ನು ಮಾತ್ರ ಮುಟ್ಟಲಿಲ್ಲ, ಅದು ತಪ್ಪು ಅಂತಲೇ ನಾನು ಹೇಳುತ್ತೇನೆ.

ಈಗ ಎಂಜಿನಿಯರುಗಳ ಕಡೆ ತಿರುಗುತ್ತೇನೆ. ಕ್ಯೂಆರ್ ಚೌಕದೊಳಗೆ ಇರುವುದು ವ್ಯಾಪಾರಿಯ ಯುಪಿಐ ವಿಳಾಸ. ಗ್ರಾಹಕರು ಯಾವ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೂ ಹಣ ಆ ವಿಳಾಸಕ್ಕೇ ಹೋಗುತ್ತದೆ. ಹಾಗಾಗಿ ಚೌಕ ಅಂಟಿಸಿದ ಕಂಪನಿಗೆ ಅದರ ಮೇಲೆ ಬಿದ್ದ ಒಂದೊಂದು ರೂಪಾಯಿಯೂ ಗೊತ್ತು. ಖಾತೆ ಇರುವ ಬ್ಯಾಂಕಿಗೆ ಇನ್ನೂ ಹೆಚ್ಚು ಗೊತ್ತು, ಎರಡು ಮೂರು ಕಂಪನಿಯ ಚೌಕಗಳಿದ್ದರೂ ಹಣ ಅದೇ ಖಾತೆಗೆ ಬಂದರೆ ಬ್ಯಾಂಕಿಗೆ ಪೂರ್ತಿ ಕಾಣುತ್ತದೆ. ತೆರಿಗೆ ಇಲಾಖೆಗೂ ಕೇಳಿದರೆ ಸಿಗುತ್ತದೆ, ಕಾಯ್ದೆಯ 151ನೇ ಕಲಂ ಪ್ರಕಾರ ಆಯುಕ್ತರು ಯಾರಿಂದ ಬೇಕಾದರೂ ಮಾಹಿತಿ ಕೇಳಬಹುದು. ಈ ಮೂವರಿಗೂ ಗೊತ್ತಿರುವ ಅಂಕಿ ಗಲ್ಲಾಪೆಟ್ಟಿಗೆ ಹಿಂದೆ ಕೂತವರಿಗೆ ಮಾತ್ರ ಗೊತ್ತಿಲ್ಲ. ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್ ಡಬ್ಬಿಯಿಂದ ಅವರು ದಿನಕ್ಕೆ ಮುನ್ನೂರು ಸಲ ‘ಹದಿನೈದು ರೂಪಾಯಿ ಸ್ವೀಕರಿಸಲಾಗಿದೆ’ ಅಂತ ಕೇಳಿಸಿಕೊಂಡಿರುತ್ತಾರೆ. ವರ್ಷದ ಮೊತ್ತ ಒಂದು ಸಲವೂ ಕೇಳಿಸಿಕೊಂಡಿಲ್ಲ.

ಕಂಪನಿಗಳು ಆ ಮೊತ್ತವನ್ನು ಬಳಸುತ್ತಿಲ್ಲವೇ ಅಂದರೆ ಚೆನ್ನಾಗಿಯೇ ಬಳಸುತ್ತಿವೆ. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಎಂಡಿಆರ್ ಶುಲ್ಕ (ಪ್ರತಿ ಪಾವತಿಯ ಮೇಲಿನ ಕಮಿಷನ್) ತೆಗೆದುಕೊಳ್ಳುವಂತಿಲ್ಲ. ಬದಲಿಗೆ ಕೇಂದ್ರ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. 2024–25ಕ್ಕೆ ಮಂಜೂರಾದದ್ದು 1,500 ಕೋಟಿ, ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗಿನ ಪಾವತಿಗೆ ಶೇ 0.15. ಹದಿನೈದು ರೂಪಾಯಿಯ ಟೀಗೆ ಎರಡೂಕಾಲು ಪೈಸೆ, ಅದನ್ನೂ ಬ್ಯಾಂಕು ಮತ್ತು ಆ್ಯಪ್‌ಗಳು ಹಂಚಿಕೊಳ್ಳಬೇಕು. ಇಷ್ಟರಲ್ಲಿ ಇಷ್ಟು ದೊಡ್ಡ ಕಂಪನಿಗಳು ನಡೆಯುವುದಿಲ್ಲ. ಅವುಗಳ ದುಡಿಮೆಯ ದಾರಿಗಳಲ್ಲಿ ಸೌಂಡ್‌ಬಾಕ್ಸ್ ಬಾಡಿಗೆ ಒಂದು, ವ್ಯಾಪಾರಿ ಸಾಲ ಇನ್ನೊಂದು. ನಿಮ್ಮ ಚೌಕಕ್ಕೆ ದಿನಕ್ಕೆ ಎಷ್ಟು ಬೀಳುತ್ತದೆ ಅಂತ ನೋಡಿಯೇ ‘ನಿಮಗೆ ಇಷ್ಟು ಲಕ್ಷ ಸಾಲ ಸಿದ್ಧವಿದೆ’ ಅಂತ ಸಂದೇಶ ಬರುತ್ತದೆ, ಕಂತು ದಿನದ ವಸೂಲಿಯಲ್ಲೇ ಕಡಿತವಾಗುತ್ತದೆ. ಸಾಲ ಕೊಡುವುದಕ್ಕೆ ವರ್ಷದ ವಹಿವಾಟು ಗೊತ್ತು, ಎಚ್ಚರಿಕೆ ಕೊಡುವುದಕ್ಕೆ ಗೊತ್ತಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಫೋನ್‌ಪೇ ಮತ್ತು ಗೂಗಲ್‌ಪೇ ಎರಡೇ ಸೇರಿ ಯುಪಿಐ ವ್ಯವಹಾರಗಳ ಸಂಖ್ಯೆಯಲ್ಲಿ 2025ರ ಮಧ್ಯದಲ್ಲಿ ಶೇ 80ಕ್ಕಿಂತ ಹೆಚ್ಚು ಪಾಲು ಹೊಂದಿದ್ದವು. ಒಂದು ಆ್ಯಪ್‌ನ ಪಾಲು ಶೇ 30 ಮೀರಬಾರದು ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2020ರ ನವೆಂಬರ್‌ನಲ್ಲೇ ಹೇಳಿತ್ತು. ಗಡುವು ಮುಂದೆ ಹೋಗುತ್ತಾ 2026ರ ಡಿಸೆಂಬರ್‌ಗೆ ಬಂದು ನಿಂತಿದೆ. ದೊಡ್ಡವರ ಮಿತಿಗೆ ಆರು ವರ್ಷ ಕಾಲಾವಕಾಶ ಸಿಗುತ್ತದೆ. ಟೀ ಅಂಗಡಿಯವರಿಗೆ ನೋಂದಣಿ ಮಿತಿ ದಾಟಿದ ಮೇಲೆ 30 ದಿನ.

ನಾನು ಕೇಳುತ್ತಿರುವುದು ದೊಡ್ಡ ಕೆಲಸವಲ್ಲ. ಏಪ್ರಿಲ್ 1ರಿಂದ ಆ ಚೌಕಕ್ಕೆ ಬಂದ ಒಟ್ಟು ಮೊತ್ತವನ್ನು ಆ್ಯಪ್‌ನ ಮೊದಲ ಪರದೆಯಲ್ಲೇ ಕನ್ನಡದಲ್ಲಿ ತೋರಿಸಿ. 20 ಮತ್ತು 40 ಲಕ್ಷದ ಮಿತಿಗಳ ಶೇ 80ರಲ್ಲಿ, ಅಂದರೆ 16 ಲಕ್ಷ ಮುಟ್ಟಿದಾಗ ಒಂದು ಸಲ, 32 ಲಕ್ಷ ಮುಟ್ಟಿದಾಗ ಇನ್ನೊಂದು ಸಲ ಸೌಂಡ್‌ಬಾಕ್ಸ್ ಬಾಯಿಬಿಟ್ಟು ಹೇಳಲಿ. ದಿನಕ್ಕೆ 11,000 ವ್ಯಾಪಾರದ ಅಂಗಡಿಗೆ 32ರಿಂದ 40 ಲಕ್ಷ ಮುಟ್ಟಲು ಸುಮಾರು 73 ದಿನ ಬೇಕು. ಯಾರನ್ನಾದರೂ ಕೇಳಿ ತಿಳಿದುಕೊಳ್ಳಲು, ಕಾಗದ ಜೋಡಿಸಲು, ನೋಂದಣಿ ಮುಗಿಸಲು ಎಪ್ಪತ್ತಮೂರು ದಿನ ಸಾಕು. ಆ ಡಬ್ಬಿಯಲ್ಲಿ ಸಿಮ್ ಇದೆ, ಸ್ಪೀಕರ್ ಇದೆ, ಕನ್ನಡ ಧ್ವನಿ ಇದೆ, ಎದುರು ತುದಿಯ ಸರ್ವರ್‌ನಲ್ಲಿ ಮೊತ್ತವಿದೆ. ಇವನ್ನು ಜೋಡಿಸುವ ಕೆಲಸ ಎಷ್ಟು ದಿನದ್ದು ಅಂತ ನಿಮಗೇ ಗೊತ್ತು.

ರಾಜಕೀಯದ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಕೇಂದ್ರದವರು ನೋಟಿಸ್ ಕೊಟ್ಟದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಅಂದರು, ರಾಜ್ಯದವರು ಕಾಯ್ದೆ ಜಿಎಸ್‌ಟಿ ಮಂಡಳಿಯದು ಅಂದರು. ಎರಡೂ ನಿಜ. ಮಂಡಳಿಯಲ್ಲಿ ಮತದ ಮೂರನೇ ಒಂದು ಭಾಗ ಕೇಂದ್ರದ್ದು, ಮೂರನೇ ಎರಡು ಭಾಗ ರಾಜ್ಯಗಳದ್ದು, ತೀರ್ಮಾನಕ್ಕೆ ಮುಕ್ಕಾಲು ಪಾಲು ಬೇಕು. ಅಂಗಡಿಯಲ್ಲಿ ಆದ ಮಾರಾಟದ ತೆರಿಗೆ ಬಂದರೆ ಅರ್ಧ ಅವರಿಗೆ, ಅರ್ಧ ಇವರಿಗೆ. ವಸೂಲಿಯಲ್ಲಿ ಸಮಪಾಲು ಇರುವವರು ಹೊಣೆಯಲ್ಲೂ ಸಮಪಾಲು ಹೊರಬೇಕು. ನಗದು ರಹಿತ ವ್ಯವಹಾರ ಮಾಡಿ ಅಂತ ವರ್ಷಗಟ್ಟಲೆ ಜಾಹೀರಾತು ಕೊಟ್ಟವರು, ಹಾಗೆ ಮಾಡಿದರೆ ಯಾವ ಲೆಕ್ಕ ಇಡಬೇಕು ಅಂತ ಅಷ್ಟೇ ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು.

ಹಾಗಂತ ಸ್ಟಿಕ್ಕರ್ ಕಿತ್ತರೆ ಪಾರಾಗುತ್ತೇವೆ ಅಂತ ತಿಳಿಯಬೇಡಿ. ನಗದೂ ವಹಿವಾಟೇ. ಮಿತಿ ಎಣಿಸುವಾಗ ಯುಪಿಐ, ನಗದು, ಕಾರ್ಡು ಎಲ್ಲ ಒಂದೇ. ಹಳೆಯ ನಾಲ್ಕು ವರ್ಷದ ದಾಖಲೆ ಬ್ಯಾಂಕಿನಲ್ಲಿ ಇದ್ದೇ ಇದೆ. ಹಠಾತ್ತನೆ ಯುಪಿಐ ಸೊನ್ನೆಯಾದ ಅಂಗಡಿ ಇಲಾಖೆಯ ಪಟ್ಟಿಯಲ್ಲಿ ಇನ್ನೂ ಎದ್ದು ಕಾಣುತ್ತದೆ. ಗ್ರಾಹಕರು ಪಕ್ಕದ ಅಂಗಡಿಗೆ ಹೋಗುತ್ತಾರೆ, ಚಿಲ್ಲರೆ ಜಗಳ ಮತ್ತೆ ಶುರುವಾಗುತ್ತದೆ.

ನೋಟಿಸ್ ಬಂದರೆ ಏನು ಮಾಡಬೇಕು? ಮೊದಲು ಅದರ ಉಲ್ಲೇಖ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಅಸಲಿಯೇ ನೋಡಿ. ಇಂಥ ಗದ್ದಲದಲ್ಲಿ ನಕಲಿ ಕರೆ, ನಕಲಿ ಕೊಂಡಿಗಳೂ ಬರುತ್ತವೆ. ಫೋನಿನಲ್ಲಿ ಯಾರಿಗೂ ಹಣ ಹಾಕಬೇಡಿ. ಆಮೇಲೆ ನೋಟಿಸ್‌ನ ಮೇಲ್ಭಾಗದಲ್ಲಿ ಯಾವ ಕಲಂ, ಯಾವ ನಮೂನೆ ಅಂತ ಓದಿ. ನೋಂದಣಿ ಇಲ್ಲದವರ ಮೇಲೆ ಅಧಿಕಾರಿ ತಮ್ಮ ಅಂದಾಜಿನ ಮೇಲೆ ತೆರಿಗೆ ನಿಗದಿ ಮಾಡುವುದು 63ನೇ ಕಲಂನಲ್ಲಿ, ಅದರ ನೋಟಿಸ್ ಎಎಸ್‌ಎಂಟಿ-14, ಉತ್ತರಕ್ಕೆ 15 ದಿನ. ನಿಮ್ಮ ಅಹವಾಲು ಕೇಳದೆ ಆದೇಶ ಮಾಡುವಂತಿಲ್ಲ. ಹೆದರಿ ಸುಮ್ಮನೆ ಕೂತವರಿಗೇ ನಷ್ಟ ಜಾಸ್ತಿ, ಯಾಕೆಂದರೆ ಉತ್ತರ ಬಾರದಿದ್ದರೆ ಅಂದಾಜೇ ಆದೇಶವಾಗುತ್ತದೆ. ಆದೇಶವಾದ ಮೇಲೂ ಮೂರು ತಿಂಗಳೊಳಗೆ ಮೇಲ್ಮನವಿ ಇದೆ, ಆದರೆ ತಕರಾರಿನ ತೆರಿಗೆಯ ಶೇ 10 ಮೊದಲೇ ಕಟ್ಟಬೇಕು.

ಉತ್ತರದ ತಿರುಳು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿದೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನದನ್ನು ವರ್ಷ ವರ್ಷ ಬೇರೆ ತೆಗೆಸಿ. ವ್ಯಾಪಾರಿ ಚೌಕದ ಹಣ ದಿನಕ್ಕೊಂದು ಗಂಟಾಗಿ ಜಮೆಯಾಗಿದ್ದರೆ, ಒಡೆದ ವಿವರ ಕಂಪನಿಯ ಆ್ಯಪ್‌ನಲ್ಲಿ ಸಿಗುತ್ತದೆ, ಅದನ್ನೂ ಇಳಿಸಿಕೊಳ್ಳಿ. ಈಗ ಒಂದೊಂದು ಸಾಲಿಗೂ ಬಣ್ಣ ಹಚ್ಚಿ. ಮಾರಾಟಕ್ಕೆ ಒಂದು. ತಮ್ಮ ಕಳಿಸಿದ ಕೈಸಾಲ, ಚೀಟಿ ಎತ್ತಿದ ಹಣ, ಬ್ಯಾಂಕ್ ಸಾಲ, ನಿಮ್ಮದೇ ಇನ್ನೊಂದು ಖಾತೆಯಿಂದ ಬಂದದ್ದು, ಇವಕ್ಕೆ ಇನ್ನೊಂದು. ‘ಅಣ್ಣಾ, ಐನೂರು ಹಾಕ್ತೀನಿ, ಕ್ಯಾಶ್ ಕೊಡಿ’ ಅಂತ ಕೇಳಿ ಹೋದವರ ಹಣಕ್ಕೆ ಮೂರನೆಯದು. ಇದು ಮಾರಾಟವೇ ಅಲ್ಲ, ಆದರೆ ರುಜುವಾತು ಬಹಳ ಕಷ್ಟ. ಮುಂದೆ ಹಾಗೆ ಕೊಟ್ಟರೆ ಪಾವತಿಯ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆ ಅಭ್ಯಾಸ ಸಾಧ್ಯವಿಲ್ಲದಿದ್ದರೆ ಕೊಡಲೇಬೇಡಿ.

ಮಾರಾಟದ ಮೊತ್ತ ಉಳಿಯಿತು. ಅದರಲ್ಲಿ ವಿನಾಯಿತಿ ಸರಕು ಎಷ್ಟು ಅಂತ ತೋರಿಸಲು ಖರೀದಿ ಬಿಲ್ಲುಗಳೇ ಸಾಕ್ಷಿ: ಹಾಲಿನ ಇಂಡೆಂಟ್ ಚೀಟಿ, ಎಪಿಎಂಸಿ ರಸೀದಿ, ಬ್ರೆಡ್ ಸರಬರಾಜಿನ ಬಿಲ್. ಬಿಲ್ ಕಳೆದಿದ್ದರೆ ಡೀಲರ್ ಹತ್ತಿರ ಹೋಗಿ ಲೆಡ್ಜರ್ ಪ್ರತಿ ಕೇಳಿ, ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಕೊನೆಗೆ ತೆರಿಗೆ ಬೀಳುವ ಭಾಗಕ್ಕೆ ಎರಡು ವಾದ ಬರೆಯಲೇಬೇಕು. ಒಂದು, ನಿಜವಾದ ದರ ಯಾವುದು. ಎಲ್ಲಕ್ಕೂ ಶೇ 18 ಅಲ್ಲ. ಎರಡು, ನೀವು ಗ್ರಾಹಕರಿಂದ ತೆಗೆದುಕೊಂಡ 100 ರೂಪಾಯಿಯಲ್ಲಿ ತೆರಿಗೆಯೂ ಸೇರಿದೆ. 35ನೇ ನಿಯಮದಂತೆ ಲೆಕ್ಕ ಹಾಕಿದರೆ 100ರಲ್ಲಿ ತೆರಿಗೆ 18 ರೂಪಾಯಿಯಲ್ಲ, 15 ರೂಪಾಯಿ 25 ಪೈಸೆ. 1.63 ಕೋಟಿಯ ಮೇಲೆ ಈ ಒಂದೇ ತಿದ್ದುಪಡಿ ನಾಲ್ಕೂವರೆ ಲಕ್ಷ ಇಳಿಸುತ್ತದೆ. ಉತ್ತರವನ್ನು ಕಚೇರಿಗೆ ಕೈಯಾರೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಮುಂದಿನ ದಾರಿ ಹೆಚ್ಚಿನವರಿಗೆ ರಾಜಿ ತೆರಿಗೆ ಪದ್ಧತಿ, ಅಂದರೆ ಕಾಂಪೊಸಿಷನ್ ಸ್ಕೀಮ್. ವರ್ಷಕ್ಕೆ 1.5 ಕೋಟಿವರೆಗೆ ಇದಕ್ಕೆ ಅವಕಾಶ. ಅಂಗಡಿ ವ್ಯಾಪಾರಿಗೆ ತೆರಿಗೆ ಬೀಳುವ ಸರಕಿನ ವಹಿವಾಟಿನ ಮೇಲೆ ಶೇ 1. ಟೀ ಮಾರದ, 41.8 ಲಕ್ಷ ವ್ಯಾಪಾರವಿರುವ ಬೇರೊಂದು ಅಂಗಡಿಯಲ್ಲಿ ಹಾಲು 10.95 ಲಕ್ಷ ಎಂದುಕೊಳ್ಳಿ, ಉಳಿದ 30.85 ಲಕ್ಷಕ್ಕೆ ವರ್ಷಕ್ಕೆ 30,850 ರೂಪಾಯಿ. ಹೋಟೆಲು, ಟೀ ಅಂಗಡಿಗೆ ದರ ಶೇ 5. ಎರಡೂ ಇರುವವರು ಯಾವುದರಡಿ ಹೋಗಬೇಕು, ಟೀ ಕೌಂಟರನ್ನು ಮನೆಯ ಇನ್ನೊಬ್ಬರು ಅವರದೇ ಪ್ಯಾನ್‌ನಲ್ಲಿ ನಿಜವಾಗಿಯೂ ಬೇರೆಯಾಗಿ ನಡೆಸಬಹುದೇ ಅನ್ನುವುದನ್ನು ನೋಂದಣಿಗೆ ಮುಂಚೆಯೇ ತೆರಿಗೆ ಸಲಹೆಗಾರರ ಹತ್ತಿರ ಕೂತು ತೀರ್ಮಾನಿಸಿ. ಕಾಗದದ ಮೇಲೆ ಮಾತ್ರ ಬೇರೆ ಮಾಡಿದರೆ ಅದು ನಿಲ್ಲುವುದಿಲ್ಲ. ಒಂದೇ ಪ್ಯಾನ್‌ನಲ್ಲಿ ಎರಡು ಊರಿನಲ್ಲಿ ಅಂಗಡಿಯಿದ್ದರೂ ವಹಿವಾಟು ಕೂಡಿಯೇ ಎಣಿಕೆ.

ರಾಜಿಯಲ್ಲಿ ಗ್ರಾಹಕರಿಂದ ಬೇರೆಯಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಯಲ್ಲಿ ಕಟ್ಟಿದ ತೆರಿಗೆಯ ಹೂಡುವಳಿ ಜಮೆ (ಇನ್‌ಪುಟ್ ಕ್ರೆಡಿಟ್) ಸಿಗುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಹೊಸೂರಿಗೆ ಸರಕು ಕಳಿಸುವ ಆನೇಕಲ್ ಕಡೆಯವರು ಇದನ್ನು ಗಮನಿಸಿ. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುವ ಸಿಎಂಪಿ-08 ನಮೂನೆ, ಮುಂದಿನ ತಿಂಗಳ 18ರೊಳಗೆ. ವರ್ಷಕ್ಕೊಂದು ಜಿಎಸ್‌ಟಿಆರ್-4 ರಿಟರ್ನ್, ಜೂನ್ 30ರೊಳಗೆ. ವ್ಯಾಪಾರ ಸೊನ್ನೆಯಿದ್ದರೂ ಸಲ್ಲಿಸಬೇಕು. ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ‘ಸರ್ಕಾರಿ ಫೀಸು’ ಅಂತ ಯಾರಾದರೂ ಸಾವಿರಾರು ಕೇಳಿದರೆ ಅದು ಮಧ್ಯವರ್ತಿಯ ಸಂಬಳ. ಇವತ್ತೇ ಮಾಡಬಹುದಾದ ಕೆಲಸ ಇನ್ನೊಂದಿದೆ: ಅಂಗಡಿಯ ಚೌಕಕ್ಕೆ ಬೇರೆ ಖಾತೆ, ಮನೆಯವರ ಹಣಕ್ಕೆ ಬೇರೆ ಖಾತೆ. ಜುಲೈನ ಅರ್ಧ ಗೊಂದಲ ಎರಡೂ ಒಂದೇ ಖಾತೆಯಲ್ಲಿ ಇದ್ದದ್ದರಿಂದ ಆಯಿತು.

ಪ್ರಶ್ನೋತ್ತರದಲ್ಲಿ ಎಂಜಿನಿಯರೊಬ್ಬರು, ವಾರ್ಷಿಕ ಮೊತ್ತ ತೋರಿಸಿದರೆ ವ್ಯಾಪಾರಿಗಳು ಹೆದರಿ ಬೇರೆ ಕಂಪನಿಯ ಚೌಕಕ್ಕೆ ಹೋಗುವುದಿಲ್ಲವೇ ಅಂತ ಕೇಳಿದರು. ಒಂದು ಕಂಪನಿ ಮಾತ್ರ ತೋರಿಸಿದರೆ ಹಾಗಾಗಬಹುದು. ಅದಕ್ಕೇ ಇದನ್ನು ಕಂಪನಿಗಳ ಒಳ್ಳೆಯತನಕ್ಕೆ ಬಿಡಬಾರದು. 2025ರ ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವಂತಿಲ್ಲ ಅಂತ ಎನ್‌ಪಿಸಿಐ ನಿಯಮ ಮಾಡಿತು, ಎಲ್ಲ ಆ್ಯಪ್‌ಗಳಿಗೂ ಅನ್ವಯವಾಯಿತು. ಅದೇ ರೀತಿಯ ಒಂದು ಸುತ್ತೋಲೆ ಸಾಕು: ವ್ಯಾಪಾರಿ ಚೌಕ ಕೊಡುವ ಪ್ರತಿ ಸಂಸ್ಥೆಯೂ ಹಣಕಾಸು ವರ್ಷದ ಒಟ್ಟು ಮೊತ್ತವನ್ನು ವ್ಯಾಪಾರಿಯ ಭಾಷೆಯಲ್ಲಿ ತೋರಿಸಬೇಕು, 16 ಮತ್ತು 32 ಲಕ್ಷಕ್ಕೆ ಧ್ವನಿಯಲ್ಲಿ ತಿಳಿಸಬೇಕು. ರಾಜ್ಯ ಸರ್ಕಾರ ಇದನ್ನು ಎನ್‌ಪಿಸಿಐಗೆ ಬರವಣಿಗೆಯಲ್ಲಿ ಕೇಳಬಹುದು. ವ್ಯಾಪಾರಿ ಸಂಘಗಳು ಮುಂದಿನ ಏಪ್ರಿಲ್ 1ಕ್ಕೆ ಮುಂಚೆ ಆ ಪತ್ರ ಬರೆಸಬೇಕು.